ಮಳೆ ಕುಡಿಯದ ಕಲ್ಲು

ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ಒಂದು ಕರಿಯ ಕಲ್ಲು ಇದೆ. ತೆಂಗಿನಕಾಯಿ ಹೋಳಿನಷ್ಟು ದೊಡ್ಡದು, ಮೈತುಂಬ ಸಣ್ಣ ತೂತುಗಳು, ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ನಾಲ್ಕು ಹನಿ ಅದರ ಮೇಲೂ ಬೀಳುತ್ತದೆ. ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ. ಹಳೆಯ ಸುಣ್ಣದ ಗೋಡೆಗೆ ಇರಚಲು ಹೊಡೆದಾಗ ಬರುವ ವಾಸನೆ, ಅದರ ಹಿಂದೆಯೇ ತುಕ್ಕು ಹಿಡಿದ ಕಬ್ಬಿಣದ ವಾಸನೆ. ಅದು ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ. ನಾಚಿಕೆಗೂ ಒಂದು ವಾಸನೆ ಇರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ಇದೆ ಎಂದೇ ಹೇಳುತ್ತೇನೆ.

ಕಲ್ಲು ಸಿಕ್ಕಿದ್ದು ಡೊಂಬಿವಿಲಿಯಲ್ಲಿ ನಮ್ಮ ಭಜನಾ ಮಂದಿರ ಇದ್ದ ಜಾಗದಲ್ಲಿ. ಮಂದಿರವನ್ನು ಕೆಡವಿ ಅಲ್ಲೊಂದು ಟವರ್ ಕಟ್ಟುತ್ತಿದ್ದಾರೆ. ಕೆಳಗಿನ ಮಹಡಿಯಲ್ಲಿ ದೇವರಿಗೂ ಒಂದು ಹಾಲ್ ಕೊಡುತ್ತಾರಂತೆ. ತರಕಾರಿಗೆಂದು ಹೊರಟವಳು ಜೆಸಿಬಿಯ ಸದ್ದು ಕೇಳಿ ನಿಂತೆ. ನೆಲಕ್ಕೆ ಹಾಸಿದ್ದ ಶಹಾಬಾದಿ ಲಾದಿಗಳನ್ನು, ಆ ಹಾಸುಗಲ್ಲುಗಳನ್ನೆಲ್ಲ ಎಬ್ಬಿಸಿ ಆಗಿತ್ತು. ಅವುಗಳ ಅಡಿಯಲ್ಲಿ ಈ ಕರಿಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು. ಜೆಸಿಬಿಯವನು ಮತ್ತೆ ಮತ್ತೆ ಹಲ್ಲು ಊರಿದರೂ ಜಗ್ಗಲಿಲ್ಲ. "ಕ್ಯಾ ಡಾಲಾ ಹೈ ಇಧರ್?" ಇಲ್ಲೇನು ತುಂಬಿಟ್ಟಿದ್ದಾರೆ ಎಂದು ಹಿಂದಿಯಲ್ಲಿ ಬೈದುಕೊಂಡ. ನನ್ನ ಮಾವನ ಮಾನ ಕಣಪ್ಪ ಎಂದು ಹೇಳಬೇಕೆನಿಸಿತು. ಒಂದು ಕಲ್ಲನ್ನು ಹರಿವೆ ಸೊಪ್ಪಿನ ಕೆಳಗೆ ಅಡಗಿಸಿಕೊಂಡು ಮನೆಗೆ ಬಂದೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಬಂದು ಕಳವಾ ಎಂಬ ಊರಿನ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದರು. ನಮ್ಮವರೆಲ್ಲ ಹೋಟೆಲು, ಬ್ಯಾಂಕು ಎಂದು ತಂಪಾದ ಕಡೆ ಸೇರಿಕೊಂಡರೆ ಇವರು ಕುಲುಮೆಯ ಬಾಯಿಗೆ ಹೋದರು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಸ್ಲ್ಯಾಗ್ ಯಾರ್ಡಿನ ಸೂಪರ್‌ವೈಸರ್ ಆಗಿದ್ದರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಅವರು ಭಜನೆಯಲ್ಲಿ ತಾಳ ಹಿಡಿದರೆ ಹಾರ್ಮೋನಿಯಂ ನುಡಿಸುವವನು ಯಾಕೆ ಬಂದೆನೋ ಎಂದು ಕೂತಿರಬೇಕಿತ್ತು. ಮಾತಿನಲ್ಲೂ ಹಾಗೆಯೇ. ಗೊತ್ತಿದ್ದದ್ದನ್ನು ಜೋರಾಗಿ ಹೇಳುತ್ತಿದ್ದರು, ಗೊತ್ತಿಲ್ಲದ್ದನ್ನು ಇನ್ನೂ ಜೋರಾಗಿ ಹೇಳುತ್ತಿದ್ದರು. ನಮಗೆಲ್ಲ ಅವರೆಂದರೆ ಹೆಮ್ಮೆ.

ಉಕ್ಕು ಕರಗಿಸುವಾಗ ಮೇಲೆ ತೇಲುವ ಕಿಟ್ಟಕ್ಕೆ ಸ್ಲ್ಯಾಗ್ ಎನ್ನುತ್ತಾರೆ. ಅದು ಆರಿ ಕಲ್ಲಾದ ಮೇಲೆ ಕಾರ್ಖಾನೆಯವರು ಲಾರಿಯಲ್ಲಿ ಹೇರಿ ಖಾಡಿ ಎನ್ನುವ ಉಪ್ಪುನೀರಿನ ತೊರೆಯ ದಂಡೆಗೆ ಸುರಿದು ಬರುತ್ತಿದ್ದರು. ಅದನ್ನು ನೋಡಿದರೆ ಮಾವನಿಗೆ ಹೊಟ್ಟೆ ಉರಿಯುತ್ತಿತ್ತು. "ಹಾಲು ಕಾಯಿಸಿದರೆ ಮೇಲೆ ಕೆನೆ ಬರ್ತದೆ. ಕೆನೆಯನ್ನು ಯಾರಾದ್ರೂ ಬಿಸಾಡ್ತಾರಾ?" ಎಂದು ಊಟದ ಎಲೆಯ ಮುಂದೆ ಕೂತವರನ್ನೂ ಬಿಡದೆ ಕೇಳುತ್ತಿದ್ದರು. ಬೇಲಾಪುರ ರಸ್ತೆಯ ಉದ್ದಕ್ಕೂ ಆಗ ಗುಡ್ಡಗಳಿಗೆ ಸಿಡಿಮದ್ದು ಇಟ್ಟು ಜಲ್ಲಿ ತೆಗೆಯುತ್ತಿದ್ದರು. ಇಷ್ಟು ಗಟ್ಟಿ ಕಲ್ಲನ್ನು ಕುಲುಮೆಯೇ ಹೆತ್ತು ಕೊಡುವಾಗ ಗುಡ್ಡ ಒಡೆಯುವುದು ಯಾವ ನ್ಯಾಯ ಎಂಬುದು ಅವರ ವಾದ. ಆ ವಾದ ಸುಳ್ಳಾಗಿರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಆದರೆ ಅರ್ಧ ಮಾತ್ರ ನಿಜವಾಗಿತ್ತು... ಆ ಅರ್ಧವೇ ಅವರನ್ನು ಕೆಡವಿತು.

ಭಜನಾ ಮಂದಿರಕ್ಕೆ ಅಂತೂ ಇಂತೂ ಸ್ವಂತ ಜಾಗ ಸಿಕ್ಕಿದ್ದು ಆಗಲೇ. ತಗ್ಗಿನ ಜಾಗ, ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ಅಡಿಪಾಯದೊಳಗೆ ಏನಾದರೂ ತುಂಬಿ ನೆಲವನ್ನು ಎತ್ತರಿಸಬೇಕಿತ್ತು. ಮಾವ ಎದ್ದು ನಿಂತು ಸ್ಲ್ಯಾಗ್ ನಾನು ತರಿಸುತ್ತೇನೆ ಎಂದರು. ಕಾರ್ಖಾನೆಯ ಕಸವನ್ನು ದೇವರ ಅಡಿಗೆ ಹಾಕುವುದೇ ಎಂದು ಒಂದಿಬ್ಬರು ಮೂಗು ಮುರಿದರು. ಪೂಜೆಗೆ ಬರುತ್ತಿದ್ದ ಭಟ್ಟರು ಬೆಂಕಿಯಲ್ಲಿ ಬೆಂದದ್ದಕ್ಕೆ ಮೈಲಿಗೆ ಇಲ್ಲ ಎಂದು ತೀರ್ಪು ಕೊಟ್ಟರು. ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟಿದ್ದ ನಮ್ಮ ಅಧ್ಯಕ್ಷರಿಗೂ ಒಪ್ಪಿಗೆಯಾಯಿತು. ಬೇಸಗೆಯಲ್ಲಿ ಲಾರಿಗಳು ಬಂದು ಜಾಗದ ಮೂಲೆಯಲ್ಲಿ ಕರಿಯ ರಾಶಿ ಸುರಿದು ಹೋದವು.

ಹೊಸ ಸ್ಲ್ಯಾಗನ್ನು ಹಾಗೆಯೇ ಬಳಸಬಾರದು, ವರ್ಷವಾದರೂ ಹಳತಾಗಬೇಕು ಎಂಬುದು ಮಾವನಿಗೆ ಯಾರ್ಡಿನಲ್ಲಿ ಕೇಳಿ ಗೊತ್ತಿತ್ತು. ಯಾಕೆ ಎಂದು ಅವರು ಕೇಳಿರಲಿಲ್ಲ. ಕೇಳುವ ಅಭ್ಯಾಸವೇ ಅವರಿಗೆ ಇರಲಿಲ್ಲ. ಮನೆ ಕಟ್ಟುವ ಮರ ಹಳತಾಗಬೇಕು, ಅಕ್ಕಿ ಹಳತಾಗಬೇಕು, ಹುಣಸೆಹಣ್ಣು ಹಳತಾಗಬೇಕು, ಹಾಗೆಯೇ ಇದೂ ಎಂದುಕೊಂಡರು. ಕರಾವಳಿಯವರ ಬುದ್ಧಿ ನೋಡಿ. ಹಳತು ಮಾಡುವುದೆಂದರೆ ನಮಗೆ ಒದ್ದೆಯಾಗದಂತೆ ಕಾಯುವುದು. ಮಳೆಗಾಲ ಬರುವ ಮೊದಲು ಸೌದೆ, ಹುಲ್ಲು, ತೆಂಗಿನ ಮಡಲು ಎಲ್ಲವನ್ನೂ ಮುಚ್ಚಿಡದಿದ್ದರೆ ನಮ್ಮವರಿಗೆ ನಿದ್ದೆ ಹತ್ತುವುದಿಲ್ಲ. ಮೇಲಾಗಿ ಇದು ದೇವರ ಸೊತ್ತು. ಜೂನ್ ಹತ್ತಿರವಾಗುತ್ತಿದ್ದಂತೆ ಮಾವ ತಾಡಪತ್ರಿ ತಂದು, ಹೋಟೆಲಿನವರಿಂದ ಹಳೆಯ ತಗಡು ಬೇಡಿ, ಇಡೀ ರಾಶಿಯನ್ನು ಒಂದು ಹನಿ ಬೀಳದಂತೆ ಮುಚ್ಚಿಸಿದರು. ಮುಚ್ಚಿದ ಕೆಲಸವನ್ನು ನಾವೆಲ್ಲ ಹೋಗಿ ನೋಡಿ ಹೊಗಳಿದೆವು. ನಾನೂ ಹೊಗಳಿದ್ದೆ.

ಮುಂದಿನ ವರ್ಷ ನೆಲ ಸಿದ್ಧವಾಯಿತು. ಕೆಳಗೆ ಸ್ಲ್ಯಾಗ್, ಮೇಲೆ ಗಾರೆ, ಅದರ ಮೇಲೆ ಶಹಾಬಾದಿ ಲಾದಿ. ಪ್ರವೇಶದ ದಿನ ಮಾವನಿಗೆ ಶಾಲು ಹೊದಿಸಿದರು. ಅವರು ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು, "ಇದು ನನ್ನ ಮೊಮ್ಮಕ್ಕಳ ಕಾಲಕ್ಕೂ ಅಲುಗಾಡುದಿಲ್ಲ" ಎಂದರು. ಮದುವೆಯಾಗದ ಒಬ್ಬ ಮಗಳನ್ನು ಇಟ್ಟುಕೊಂಡು ಮೊಮ್ಮಕ್ಕಳ ಮಾತು ಆಡುತ್ತಾರೆ ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿ ನಕ್ಕರು.

ಅತ್ತೆಯ ವಿಷಯ ಹೇಳಬೇಕು. ಮಾವನ ಹೆಂಡತಿ. ಸಣ್ಣ ಆಳು, ಸಣ್ಣ ದನಿ. ಪ್ರತಿ ಶನಿವಾರ ಕಳವಾದಿಂದ ಲೋಕಲ್ ರೈಲು ಹಿಡಿದು, ಸೊಂಟದ ಹತ್ತಿರ ಎಣ್ಣೆಯ ಡಬ್ಬಿ ಅವುಚಿಕೊಂಡು ಬರುತ್ತಿದ್ದರು. ದೇವರ ಮುಂದಿನ ಎರಡು ಹಿತ್ತಾಳೆಯ ಕಾಲುದೀಪಗಳಿಗೆ ಎಣ್ಣೆ ಹೊಯ್ಯುವುದು ಅವರ ಸೇವೆ. ಹಳೆಯ ಬಾಡಿಗೆ ಕೋಣೆಯಲ್ಲಿ ಭಜನೆ ನಡೆಯುತ್ತಿದ್ದ ಕಾಲದಿಂದಲೂ ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಆ ಜನದಟ್ಟಣೆಯ ಗಾಡಿಯಲ್ಲಿ ಒಂದು ಹನಿ ಚೆಲ್ಲದೆ ತರುತ್ತಿದ್ದವರು ಅವರು. ಮಂದಿರದಲ್ಲಿ ಅವರಿಗೆ ಇದ್ದ ಸ್ಥಾನ ಅಷ್ಟೇ, ಆ ಎರಡು ದೀಪದ ನಡುವಿನ ಜಾಗ. ಅದರಲ್ಲಿ ಅವರು ತೃಪ್ತರಾಗಿದ್ದರು.

ಹೊಸ ನೆಲದ ಮೊದಲ ಮಳೆಗಾಲ ಅದು. ಒಂದು ಶನಿವಾರ, ಭಜನೆ ರಂಗೇರಿದ್ದಾಗ, ಬಲಗಡೆಯ ದೀಪದ ಎಣ್ಣೆ ಒಂದೇ ಬದಿಯಿಂದ ತುಳುಕಿ ಕೆಳಗಿಳಿಯಿತು. ಜಮಖಾನದ ಅಂಚು ನೆನೆದು, ಅಲ್ಲಿ ಕೂತಿದ್ದ ಅಧ್ಯಕ್ಷರ ಹೆಂಡತಿಯ ರೇಷ್ಮೆ ಸೀರೆಗೆ ಹತ್ತಿತು. ಅವರು ಅಯ್ಯಯ್ಯೋ ಎಂದು ಎದ್ದರು. ತಾಳ ನಿಂತಿತು. ಮಾವ ಕೂತಲ್ಲಿಂದಲೇ ಅತ್ತೆಯ ಕಡೆ ತಿರುಗಿದರು.

"ಕಣ್ಣು ಎಲ್ಲಿ ಉಂಟು ನಿಂಗೆ? ಇಷ್ಟು ವರ್ಷ ಆಯ್ತು, ಒಂದು ದೀಪಕ್ಕೆ ಎಣ್ಣೆ ಹೊಯ್ಲಿಕ್ಕೆ ಗೊತ್ತಾಗುದಿಲ್ವಾ?"

ಅವರಿಬ್ಬರೂ ಮನೆಯಲ್ಲಿ ತುಳು ಆಡುವವರು. ಜಗಳವೂ ತುಳುವಿನಲ್ಲೇ. ಆ ದಿನ ಮಾವ ಬೈದದ್ದು ಕನ್ನಡದಲ್ಲಿ, ಮಂದಿರದಲ್ಲಿದ್ದ ಕಲಬುರಗಿಯವರಿಗೂ ಧಾರವಾಡದವರಿಗೂ ತಿಳಿಯಲಿ ಎಂಬಂತೆ.

"ನಾನು ಅರ್ಧವೇ ಹೊಯ್ದದ್ದು" ಎಂದರು ಅತ್ತೆ. ದೀಪದ ಬುಡ ಮುಟ್ಟಿ ನೋಡಿ, "ನೆಲವೇ ಒಂಚೂರು ಓರೆ ಉಂಟೋ ಏನೋ..." ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಇಡೀ ಮಂದಿರ ನಕ್ಕಿತು. ಗಾದೆ ಅಷ್ಟು ಸರಿಯಾಗಿ ಕೂತಿತ್ತು. ಅತ್ತೆ ಸೆರಗಿನಿಂದ ನೆಲ ಒರೆಸಿದರು, ಒರೆಸುತ್ತಲೇ ಇದ್ದರು. ಎಣ್ಣೆ ಚೆಲ್ಲುವುದು ಅಪಶಕುನ ಎಂದು ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಅವಳ ಕೈಗುಣವೇ ಸರಿಯಿಲ್ಲ ಎಂದು ಒಬ್ಬರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನನಗೆ ಕೇಳಿಸಿದ್ದು ಅವರಿಗೂ ಕೇಳಿಸಿರಬೇಕು. ಮುಂದಿನ ಶನಿವಾರ ಎಣ್ಣೆಯ ಡಬ್ಬಿಯನ್ನು ಮಾವ ತಂದರು. ಅತ್ತೆಗೆ ತಲೆನೋವಂತೆ.

ದೀಪದ ಸೇವೆ ಅಧ್ಯಕ್ಷರ ಹೆಂಡತಿಯ ಪಾಲಿಗೆ ಬಂತು. ಅವರ ಕೈಯಲ್ಲೂ ಎಣ್ಣೆ ಚೆಲ್ಲಿತು. ಆಗ ದೀಪದ ಬುಡ ಸವೆದಿದೆ ಎಂದರು. ಅತ್ತೆಯ ಕೈಯಲ್ಲಿ ಚೆಲ್ಲಿದರೆ ಕೈಗುಣ, ಹೋಟೆಲಿನವರ ಹೆಂಡತಿಯ ಕೈಯಲ್ಲಿ ಚೆಲ್ಲಿದರೆ ದೀಪದ ಗುಣ. ನಮ್ಮ ಜನ! ದೀಪದ ಅಡಿಗೆ ಕಾಗದ ಮಡಚಿ ಇಟ್ಟರು. ಆಮೇಲೆ ರಟ್ಟಿನ ತುಂಡು. ಆಮೇಲೆ ಹಂಚಿನ ಚೂರು. ಹೀಗೆ ವಾರ ವಾರವೂ ದೀಪಕ್ಕೆ ಆಸರೆ ಕೊಡುತ್ತಾ ಹೋದೆವೇ ಹೊರತು ನೆಲದ ಕಡೆ ಒಬ್ಬರೂ ಬಗ್ಗಿ ನೋಡಲಿಲ್ಲ. ನೆಲವನ್ನು ಮಾವ ಮಾಡಿದ್ದರಲ್ಲ, ಶಾಲು ಬೇರೆ ಹೊದಿಸಿ ಆಗಿತ್ತು.

ಕೊನೆಗೆ ನೆಲವೇ ಬಾಯಿ ಬಿಟ್ಟಿತು. ಮಂಗಳಾರತಿಯ ಹೊತ್ತಿನಲ್ಲಿ ಟಕ್ ಎಂದು ಸದ್ದಾಗಿ, ನಡುವಿನ ಒಂದು ಲಾದಿ ಅಡ್ಡಕ್ಕೆ ಸೀಳಿ, ಎರಡೂ ಅಂಚು ಹಂಚಿನ ಮಾಡಿನ ಹಾಗೆ ಮೇಲೆದ್ದವು. ಜಮಖಾನ ಎತ್ತಿ ನೋಡಿದರೆ ಇಡೀ ನೆಲ ಅಲ್ಲಲ್ಲಿ ಉಬ್ಬಿಕೊಂಡಿತ್ತು.

ಮರುದಿನ ಭಾನುವಾರ. ಹಾರೆ ತಂದು ಲಾದಿ ಕಿತ್ತರು. ಮಾವ ಕೈಯಾರೆ ಒಂದು ಕಲ್ಲನ್ನು ತೆಗೆದು ಸುತ್ತಿಗೆಯಿಂದ ಒಡೆದರು. ಹೊರಗೆಲ್ಲ ಕಪ್ಪು, ಒಳಗೆ ಅಲ್ಲಲ್ಲಿ ಹಿಟ್ಟಿನಂಥ ಬಿಳಿ. ಆ ಬಿಳಿಯನ್ನು ಅಂಗೈಯಲ್ಲಿ ಉದುರಿಸಿಕೊಂಡು ಎರಡು ಹನಿ ನೀರು ಬಿಟ್ಟರು. ಬಿಟ್ಟವರು ಕೈ ಕೊಡವಿಕೊಂಡರು. ಸುಟ್ಟಿತ್ತು. ನಮ್ಮೂರ ಕಡೆ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರೆ. ಬೆಂದ ಚಿಪ್ಪಿಗೆ ನೀರು ಸುರಿದರೆ ಕಾದು, ಉಬ್ಬಿ, ಒಡೆದು ಹುಡಿಯಾಗುತ್ತದೆ. ಅದಕ್ಕೆ ಸುಣ್ಣ ಅರಳುವುದು ಎನ್ನುತ್ತಾರೆ. ಹುಡುಗನಾಗಿದ್ದಾಗ ಮಾವ ಅದನ್ನು ದಿನವೂ ನೋಡಿದ್ದವರು. ಉಕ್ಕಿನ ಕುಲುಮೆಗೂ ಸುಣ್ಣ ಹಾಕುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು. ಎರಡನ್ನೂ ಒಂದು ಕಡೆ ಇಟ್ಟು ನೋಡಿರಲಿಲ್ಲ, ಅಷ್ಟೇ. ಕಲ್ಲಿನೊಳಗೆ ಉಳಿದ ಸುಣ್ಣ ಬಯಲಿನಲ್ಲೇ ಮಳೆ ಕುಡಿದು ಅರಳಿ ಮುಗಿಯಬೇಕಿತ್ತು. ಅದನ್ನು ತಾಡಪತ್ರಿ ಮುಚ್ಚಿ ಒಣಗಿಸಿಟ್ಟದ್ದು ಅವರೇ. ತಗ್ಗಿನ ಜಾಗದ ನೀರು ಕೆಳಗಿನಿಂದ ಏರಿ ಬಂದಾಗ ಕಲ್ಲು ತನ್ನ ಬಾಯಾರಿಕೆಯನ್ನು ದೇವರ ಅಡಿಯಲ್ಲಿ ತೀರಿಸಿಕೊಂಡಿತು.

"ಸುಣ್ಣ ಅರಳಿದೆ" ಎಂದರು ಮಾವ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸುತ್ತ ನಿಂತವರು ಒಬ್ಬೊಬ್ಬರಾಗಿ ಸರಿದರು. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಾವನಿಗೆ ಹೀಗಾಗಬಾರದಿತ್ತು ಎಂದು ಎಲ್ಲರೂ ಮರುಗಿದರು. ಅಧ್ಯಕ್ಷರು ಬಂದು ಹೆಗಲ ಮೇಲೆ ಕೈ ಇಟ್ಟರು. ಅಂದು ಕಳವಾ ಊರಿನ ಚಾಳಿನಲ್ಲಿ ಒಬ್ಬಳು ಹೆಂಗಸು ಕೈಗುಣ ಕೆಟ್ಟವಳು ಎನಿಸಿಕೊಂಡು ಕೂತಿದ್ದಾಳೆ, ಹೋಗಿ ಅವಳಿಗೆ ನಿನ್ನ ತಪ್ಪಲ್ಲ ಎಂದು ಹೇಳೋಣ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದನ್ನು ನೆನೆದಾಗ ಈಗಲೂ ನನ್ನ ಜನದ ಬಗ್ಗೆ ತಲೆ ತಗ್ಗುತ್ತದೆ.

ಮಾವನಿಗೆ ಮಾತ್ರ ಹೊಳೆದಿತ್ತು. ನೆಲಕ್ಕಿಂತ ಹೆಚ್ಚಾಗಿ ಅದೇ ಅವರನ್ನು ತಿನ್ನುತ್ತಿತ್ತು ಎಂದು ನನಗೆ ತಿಳಿದದ್ದು ಸ್ವಲ್ಪ ತಡವಾಗಿ. ನಾನಾಗ ಠಾಣೆ ನಗರದ ಒಂದು ಕಚೇರಿಯಲ್ಲಿ ಟೈಪಿಸ್ಟ್. ಸಂಜೆ ದಾರಿಯಲ್ಲಿ ಕಳವಾಕ್ಕೆ ಇಳಿದು ಅವರ ಮನೆಗೆ ಹೋಗುತ್ತಿದ್ದೆ. ಅಂಥ ಒಂದು ಸಂಜೆ ಮಾವ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದರು. "ನೆಲ ಸರಿ ಮಾಡ್ಬಹುದು ಮಗಾ. ನಾಲ್ಕು ಜನರ ಎದುರು ಹೇಳಿದ ಮಾತನ್ನು ನಾಲ್ಕು ಜನರ ಎದುರೇ ವಾಪಸ್ ತೆಗೀಬೇಕು. ಅದಕ್ಕೆ ನಂಗೆ ಅದೇ ನೆಲ ಬೇಕು."

ಮನೆಯಲ್ಲೇ ಒಂದು ಮಾತು ಹೇಳಿದರೆ ಆಗದೇ ಎಂದು ಕೇಳಿದೆ. ಆಗದು ಎಂಬಂತೆ ತಲೆಯಾಡಿಸಿದರು. ಬಂದ ಗಾಡಿಗೆ ನನ್ನನ್ನು ಹತ್ತಿಸಿದರು. ಆ ಕಾಲದ ನಮ್ಮ ಗಂಡಸರು ಹಾಗೆಯೇ. ಬೈಯಲು ಕನ್ನಡವೂ ಸಾಕು ತುಳುವೂ ಸಾಕು. ತಪ್ಪಾಯಿತು ಎನ್ನಲು ಯಾವ ಭಾಷೆಯೂ ಸಾಲದು.

ಸ್ಲ್ಯಾಗಿನಲ್ಲೇ ನೆಲ ಮಾಡಿಕೊಡುತ್ತೇನೆ ಎಂದು ಅವರು ಹಟ ಹಿಡಿದರು. ಕಮಿಟಿಯವರು ಮಾಮೂಲಿ ಜಲ್ಲಿ ಹಾಕಿಸಿ ಮುಗಿಸೋಣ ಎಂದರು. ಮಾವ ಒಪ್ಪಲಿಲ್ಲ. ಕೊನೆಗೆ ಒಂದು ಷರತ್ತು ಬಂತು. ಮೊದಲು ಹೊರಗೆ ಚಪ್ಪಲಿ ಬಿಡುವ ಜಾಗಕ್ಕೆ ಹಾಕಲಿ, ಅಲ್ಲಿ ನಿಂತರೆ ಒಳಗಿನ ಮಾತು. ಶಾಲು ಹೊದಿಸಿಕೊಂಡ ಮನುಷ್ಯನಿಗೆ ಚಪ್ಪಲಿಯ ಜಾಗ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನನ್ನ ಅಮ್ಮ ಅತ್ತಳು. ಮಾವ ಮಾತ್ರ ಸರಿ ಎಂದರು.

ಈ ಸಲ ಹೊಸ ರಾಶಿಯನ್ನು ಬಯಲಿಗೆ ಹರಡಿದರು. ಮಳೆಗಾಲವೆಲ್ಲ ಅದು ನೆನೆಯಿತು. ಬೇಸಗೆಯಲ್ಲೂ ಒಣಗಬಾರದು ಎಂದು, ಹೋಟೆಲಿನಲ್ಲಿ ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲವನ್ನೂ ಬಕೆಟಿನಲ್ಲಿ ಹೊತ್ತು ತಂದು ಸುರಿಯುತ್ತಿದ್ದರು. ಡೊಂಬಿವಿಲಿಯ ಬೇಸಗೆ, ಕುಡಿಯುವ ನೀರಿಗೇ ಸಾಲು. ಆ ಸಾಲಿನ ಮುಂದೆಯೇ ಒಬ್ಬ ದೊಡ್ಡ ಮನುಷ್ಯ ರಜೆಯ ದಿನ ಲುಂಗಿ ಎತ್ತಿ ಕಟ್ಟಿ ಕಲ್ಲಿಗೆ ನೀರು ಹಾಕುತ್ತಿದ್ದಾನೆ! ಕಲ್ಲು ಮಗುಚಿ ಹಾಕಲು ಕಲಬುರಗಿಯ ಒಬ್ಬಳು ಹೆಂಗಸು ಬರುತ್ತಿದ್ದಳು. ಬುಟ್ಟಿ ಕೆಳಗಿಟ್ಟು ಕೇಳಿಯೇ ಬಿಟ್ಟಳು. "ಏನ್ರೀ ಮಾಮಾ, ದಿನಾ ನೀರ್ ಹಾಕ್ಲಿಕತ್ತೀರಿ, ಈ ಕಲ್ಲು ಯಾವಾಗ ಹಣ್ಣ ಬಿಡ್ತಾವ್ರೀ?" ನಮ್ಮವರ ಬಾಯಲ್ಲಿ ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಕಲ್ಲುತೋಟದ ಮಾವ ಎಂದು ಹೆಸರಿಟ್ಟರು. ಆಫೀಸಿನ ಗೆಳತಿಯರ ಜೊತೆ ಆ ದಾರಿಯಲ್ಲಿ ಬರುವಾಗ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ.

ಕಲ್ಲು ಸಾಕಷ್ಟು ಅರಳಿದೆಯೇ ಎಂದು ತಿಳಿಯಲು ಕಾರ್ಖಾನೆಯ ಲ್ಯಾಬಿನವರು ಒಂದು ಉಪಾಯ ಹೇಳಿಕೊಟ್ಟರಂತೆ. ಕಲ್ಲನ್ನು ಪುಡಿ ಮಾಡಿ, ಸ್ವಲ್ಪ ಸಿಮೆಂಟು ಕಲಸಿ, ಬಿಲ್ಲೆ ತಟ್ಟಿ, ಬಿಗಿಯಾದ ಹಬೆಯಲ್ಲಿ ಬೇಯಿಸಬೇಕು. ಒಳಗೆ ಹಸಿ ಸುಣ್ಣ ಉಳಿದಿದ್ದರೆ ಬಿಲ್ಲೆ ಬಿರಿಯುತ್ತದೆ. ಲ್ಯಾಬಿನಲ್ಲಿ ಪದೇ ಪದೇ ಕೇಳಲು ಸಂಕೋಚವಾಗಿ ಮಾವ ಮನೆಯ ಕುಕ್ಕರಿಗೆ ಕೈ ಹಾಕಿದರು. ಒಂದು ಸಂಜೆ ನಾನು ಹೋದಾಗ ಸ್ಟೋವಿನ ಮೇಲೆ ಕುಕ್ಕರು ಸೀಟಿ ಹೊಡೆಯುತ್ತಿತ್ತು. ಪಕ್ಕದಲ್ಲಿ ಅತ್ತೆ ಪಾತ್ರೆಯಲ್ಲಿ ಅನ್ನಕ್ಕೆ ನೀರಿಟ್ಟು ಕಾಯುತ್ತಿದ್ದರು.

"ಕುಕ್ಕರಲ್ಲಿ ಎಂತ ಅತ್ತೆ?"

"ಕಲ್ಲು" ಎಂದರು ಅತ್ತೆ, ಬೇಳೆ ಎಂದು ಹೇಳುವ ದನಿಯಲ್ಲೇ.

ಮುಚ್ಚಳ ತೆಗೆದರು. ಕಡುಬಿನಂಥ ಕಪ್ಪು ಬಿಲ್ಲೆಗಳು. ಒಂದು ನಡುವೆ ಬಿರಿದಿತ್ತು. ಮಾವ ಅದನ್ನೇ ನೋಡುತ್ತಾ ಕೂತರು. "ಇನ್ನೊಂದು ಮಳೆಗಾಲ ಬೇಕು" ಎಂದರು. ಆ ಮನೆಯಲ್ಲಿ ಆಗ ನಡೆಯುತ್ತಿದ್ದ ಮಾತು ಅಷ್ಟೇ. ಜಗಳವಾಗಲಿ ಮೌನವ್ರತವಾಗಲಿ ಇರಲಿಲ್ಲ. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಗಾಡಿ ಲೇಟು... ಅಷ್ಟು. ಅತ್ತೆ ಮಂದಿರಕ್ಕೆ ಹೋಗುವುದನ್ನು ಬಿಟ್ಟಿದ್ದರು. ಮಂದಿರದಲ್ಲಿ ಮರಳು ಸುರಿದು, ಚಾಪೆ ಹಾಸಿ ಭಜನೆ ನಡೆಯುತ್ತಿತ್ತು. ಕಾಲುದೀಪ ನಿಲ್ಲದ್ದರಿಂದ ಒಂದು ತೂಗುದೀಪ ಕಟ್ಟಿದ್ದರು. ಮಾವ ತಾಳ ಬಿಟ್ಟು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂರುತ್ತಿದ್ದರು. ತೂಗುದೀಪದ ಕಡೆ ಅವರು ತಲೆ ಎತ್ತಿ ನೋಡಿದ್ದನ್ನು ನಾನು ಕಾಣೆ.

ಇನ್ನೊಂದು ಮಳೆಗಾಲ ಕಳೆಯಿತು. ಬಿಲ್ಲೆಗಳು ಬಿರಿಯುವುದು ನಿಂತಿತು. ಚಪ್ಪಲಿಯ ಜಾಗಕ್ಕೆ ಹಾಕಿದ ಕಲ್ಲು ಮತ್ತೊಂದು ಮಳೆಯನ್ನೂ ತಾಳಿಕೊಂಡಿತು. ಒಂದು ಲಾದಿಯೂ ಕೊಸರಲಿಲ್ಲ. ಒಳಗಿನ ನೆಲವೂ ಆಯಿತು. ಶಾಲಿನ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ಕಾಲುದೀಪಗಳನ್ನು ತಿಕ್ಕಿ ಹೊರಗೆ ತಂದರು. ಆ ಶನಿವಾರ ಅತ್ತೆ ಬರಲೇಬೇಕು ಎಂದು ಮಾವ ನನ್ನ ಕೈಯಲ್ಲಿ ಹೇಳಿಸಿದರು. ಅತ್ತೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲಿ ನಿಂತರು.

ಮಾವ ಎಲ್ಲರ ಮುಂದೆ ಎದ್ದು ನಿಂತರು. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು; ಗೊತ್ತಿದ್ದವಳು ನಾನೊಬ್ಬಳೇ. ಅವರು ಸ್ಲ್ಯಾಗಿನ ಬಗ್ಗೆ ಮಾತಾಡಿದರು. ಸುಣ್ಣದ ಬಗ್ಗೆ, ಮಳೆಯ ಬಗ್ಗೆ, ಲ್ಯಾಬಿನ ಬಗ್ಗೆ. ಜನ ಗಡಿಯಾರ ನೋಡಿದರು. ಮಾತು ಹೋಗಬೇಕಾದ ಕಡೆಗೆ ಹೋಗಲೇ ಇಲ್ಲ. ಸೋತು, ಎಣ್ಣೆಯ ಡಬ್ಬಿಯನ್ನು ತೆಗೆದುಕೊಂಡು ಹೊಸ್ತಿಲವರೆಗೆ ನಡೆದು ಅತ್ತೆಯ ಮುಂದೆ ಹಿಡಿದರು.

"ನೀವೇ ಹೊಯ್ಯಿರಿ" ಎಂದರು ಅತ್ತೆ.

ಮಾವ ಹಿಂದಕ್ಕೆ ಬಂದು ದೀಪದ ಮುಂದೆ ಬಗ್ಗಿದರು. ಎಲ್ಲಿ ನಿಲ್ಲಿಸಬೇಕೆಂಬುದನ್ನೇ ಮರೆತು ಹೊಯ್ಯುತ್ತಾ ಹೋದರು, ಎಣ್ಣೆ ತುಂಬಿ ಮೀರಿ ನೆಲಕ್ಕೆ ಬಿತ್ತು. ಬಿದ್ದ ಎಣ್ಣೆ ಎತ್ತಲೂ ಹರಿಯದೆ ಬಿದ್ದಲ್ಲೇ ನಿಂತಿತು. ಮಾವ ಅದನ್ನು ನೋಡಿದರು. ತಲೆ ಎತ್ತಿ, ಹೊಸ್ತಿಲ ಕಡೆ ತಿರುಗಿ, ಕನ್ನಡದಲ್ಲಿ ಹೇಳಿದರು.

"ಅವತ್ತೂ ಎಣ್ಣೆ ಚೆಲ್ಲಿಸಿದ್ದು ನಾನೇ. ಅವಳಲ್ಲ."

ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅಧ್ಯಕ್ಷರು, ಪಾಪ ಅವರದ್ದು ಹಾಸ್ಯದ ಸ್ವಭಾವ, "ಎಲ್ಲ ಕೈಗುಣ ಮಾರಾಯ್ರೇ!" ಎಂದರು. ಮಂದಿರಕ್ಕೆ ಮಂದಿರವೇ ಗೊಳ್ಳೆಂದಿತು. ಇಷ್ಟು ಕಾಲ ಮುಖ ಮುಚ್ಚಿಕೊಂಡಿದ್ದ ಮಾವ ಕೊನೆಗೂ ತಮಾಷೆ ಮಾಡಿದರು ಎಂದು ಎಲ್ಲರಿಗೂ ಹಿತವಾಯಿತು. ಅದೇ ಭರದಲ್ಲಿ ತಾಳಗಳು ಶುರುವಾದವು, ನನ್ನ ಕೈಯಲ್ಲಿದ್ದದ್ದೂ ಸೇರಿ. ಮಾವ ಬಾಯಿ ಮುಚ್ಚಿಕೊಂಡರು. ನಕ್ಕರು ಕೂಡ. ಆ ನಗು... ಬೇಡ, ಅದನ್ನು ಬರೆಯಲು ನನ್ನಿಂದಾಗದು. ಬಾಗಿಲ ಕಡೆ ನೋಡಿದೆ. ಹೊಸ್ತಿಲಲ್ಲಿ ಯಾರೂ ಇರಲಿಲ್ಲ.

ಮಾವ ನಿವೃತ್ತಿಯಾಗುವ ಮೊದಲೇ ಹೋದರು. ಆ ನೆಲ ಮಾತ್ರ ಅವರ ಮಗಳ ಮದುವೆಯನ್ನು ಕಂಡಿತು, ಮೊಮ್ಮಕ್ಕಳು ಅದರ ಮೇಲೆ ಅಂಬೆಗಾಲಿಟ್ಟರು. ಅಲುಗಾಡುವುದಿಲ್ಲ ಎಂದ ಅವರ ಮಾತು ಎರಡನೆಯ ಸಲಕ್ಕೆ ನಿಜವಾಯಿತು. ಅದನ್ನು ಅವರಿಗೆ ಹೇಳಿದವರು ಯಾರೂ ಇಲ್ಲ.

ಹೋದ ಭಾನುವಾರ ಈ ಕಲ್ಲನ್ನು ಚೀಲದಲ್ಲಿಟ್ಟುಕೊಂಡು ಸಾನಪಾಡಾಕ್ಕೆ ಹೋಗಿದ್ದೆ. ಅತ್ತೆ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಮೊಮ್ಮಗಳು ಹಿಂದಿಯಲ್ಲಿ "ಯೇ ಕ್ಯಾ ಹೈ ಅಜ್ಜಿ?" ಎಂದು ಕೇಳಿದಳು. ಅತ್ತೆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಬೆರಳಿನಿಂದ ತೂತುಗಳನ್ನು ತಡವಿದರು.

"ಇನ್ನು ಇದು ಉಬ್ಬುದಿಲ್ಲ ಅಲ್ವಾ?"

"ಇಲ್ಲ ಅತ್ತೆ."

"ಅವರು ಇದ್ದಿದ್ರೆ ಕುಕ್ಕರಿಗೆ ಹಾಕಿ ನೋಡ್ತಿದ್ರು" ಎಂದು ನಕ್ಕರು. ನನಗೂ ನಗು ಬಂತು. ನಗು ನಿಂತ ಮೇಲೆ, ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕೇಳಿದೆ. ಅವತ್ತು ಮಂದಿರದಲ್ಲಿ ಮಾವ ಹೇಳಿದ್ದು ನಿಮಗೆ ಕೇಳಿಸಿತ್ತಾ?

ಅತ್ತೆ ಕಲ್ಲನ್ನು ಎತ್ತಿ ನನ್ನ ಕೈಯಲ್ಲಿ ಇಟ್ಟರು.

"ಕೇಳಿತ್ತು" ಎಂದರು. "ನೀವೆಲ್ಲ ನಗಾಡಿದ್ದೂ ಕೇಳಿತ್ತು. ಪಾಪ, ಮನೆಗೆ ಬಂದ ಮೇಲೆ ಇನ್ನೊಂದು ಸಲ ಹೇಳ್ತಾರೋ ಅಂತ ನಾನು ಕಾದದ್ದೇ ಬಂತು. ಅವರಿಗೆ ಮತ್ತೆ ಬಾಯಿ ಬರ್ಲಿಲ್ಲ."

ಠಾಣೆ ಕಡೆಯ ಲೋಕಲ್ ಗಾಡಿ ಖಾಲಿಯಿತ್ತು. ಕಲ್ಲನ್ನು ಮಡಿಲಲ್ಲಿಟ್ಟುಕೊಂಡೇ ಬಂದೆ. ಈಗ ಅದು ತುಳಸಿಯ ಪಕ್ಕ ಇದೆ. ದಿನವೂ ನೀರು ಬೀಳುತ್ತದೆ, ಆದರೂ ಅದು ಇದ್ದ ಹಾಗೆಯೇ ಇದೆ.